ಗಾಳಕ್ಕೆ ಬೂತಾಯಿ: ಮೊದಲು ಐಸ್, ಅನಂತರ ಉಪ್ಪು

ಗಾಳಕ್ಕೆ ಎರೆಯಾಗಿ ಸಿಕ್ಕಿಸಿದ ಬೂತಾಯಿ (ಸಾರ್ಡಿನ್ ಮೀನು) ಒಂದೇ ಎಸೆತಕ್ಕೆ ಕಳಚಿ ಹೋಗುತ್ತದೆ ಎನ್ನುವವರು ಸಾಮಾನ್ಯವಾಗಿ ಫ್ರೀಜರನ್ನು ದೂರುತ್ತಾರೆ. ಮೀನು ಸಂಸ್ಕರಣೆಯ ಕೆಲಸದಲ್ಲಿ ನಾನು ಕಂಡಂತೆ, ಎರೆಮೀನು ಕೆಡುವುದು ಬಹುಪಾಲು ಅದಕ್ಕೂ ಮೊದಲೇ, ದೋಣಿಗಳು ಮೀನು ಇಳಿಸುವ ದಕ್ಕೆಯಿಂದ ಮನೆಗೆ ಬರುವ ದಾರಿಯಲ್ಲಿ.

ಬೂತಾಯಿಯಲ್ಲಿ ಎಣ್ಣೆಯಂಶ ಹೆಚ್ಚು, ಹೊಟ್ಟೆಯ ಭಿತ್ತಿ ತೆಳು. ಮೇಯುತ್ತಿರುವಾಗಲೇ ಬಲೆಗೆ ಬಿದ್ದ ಮೀನಿನ ಜೀರ್ಣಕಾರಿ ಕಿಣ್ವಗಳು ಅದು ಸತ್ತ ಮೇಲೂ ಕೆಲಸ ನಿಲ್ಲಿಸದೆ ಆ ಭಿತ್ತಿಯನ್ನೇ ಕರಗಿಸುವುದರಿಂದ, ಬಿಸಿಲಿನಲ್ಲಿ ಉಳಿದ ಬೂತಾಯಿಯ ಹೊಟ್ಟೆ ಕೆಲವೇ ಗಂಟೆಗಳಲ್ಲಿ ಒಡೆಯುತ್ತದೆ. ಆದ್ದರಿಂದ ದಕ್ಕೆಗೆ ಹೋಗುವಾಗಲೇ ಪೆಟ್ಟಿಗೆಯಲ್ಲಿ ಪುಡಿ ಐಸ್, ಶುದ್ಧ ಸಮುದ್ರದ ನೀರು ಮತ್ತು ಒಂದೆರಡು ಹಿಡಿ ಕಲ್ಲುಪ್ಪನ್ನು ಬೆರೆಸಿ ಸಿದ್ಧವಾಗಿಟ್ಟುಕೊಳ್ಳಬೇಕು. ಈ ಮಿಶ್ರಣ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು, ಮೀನನ್ನು ಎಲ್ಲ ಬದಿಯಿಂದಲೂ ತಾಗುತ್ತದೆ. ಬರಿಯ ಐಸ್ ಕರಗಿದ ಸಿಹಿನೀರಿನಲ್ಲಿ ನೆನೆದ ಮೀನು ನೀರು ಹೀರಿ ಮೆತ್ತಗಾಗುತ್ತದೆ, ಹೊಳಪು ಕಳೆದುಕೊಳ್ಳುತ್ತದೆ. ತೊಳೆಯುವುದಿದ್ದರೂ ಉಪ್ಪುನೀರೇ ಆಗಬೇಕು.

ಮನೆಗೆ ಬಂದ ಮೇಲೆ ಉಪ್ಪಿನ ಕೆಲಸ. ತೂತುಗಳಿರುವ ಪಾತ್ರೆಯಲ್ಲಿ ಒಂದು ಪದರ ಮೀನು, ಒಂದು ಪದರ ಕಲ್ಲುಪ್ಪು ಹರಡಿ, ಇಳಿಯುವ ನೀರು ಕೆಳಗೆ ಬಸಿಯುವಂತೆ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟರೆ ಮಾಂಸ ಬಿಗಿಯಾಗಿ ಗಾಳವನ್ನು ಹಿಡಿದು ನಿಲ್ಲುತ್ತದೆ. ನಯವಾದ ಪುಡಿಯುಪ್ಪನ್ನು ನಾನು ಸೂಚಿಸುವುದಿಲ್ಲ. ಅದು ಮೇಲ್ಮೈಯನ್ನು ಬೇಗನೆ ಗಟ್ಟಿಯಾಗಿಸಿ, ಉಪ್ಪು ಒಳಗಿಳಿಯುವುದನ್ನು ತಡೆಯುತ್ತದೆ. ಬಂಗುಡೆಯ ಚರ್ಮ ಗಟ್ಟಿ. ಚರ್ಮಸಹಿತ ಉದ್ದ ಪಟ್ಟಿಗಳಾಗಿ ಕೊಯ್ದರೆ ಅದಕ್ಕೆ ಸ್ವಲ್ಪ ಉಪ್ಪು ಸಾಕು. ಬೊಂಡಾಸಿಗೆ (ಸ್ಕ್ವಿಡ್) ಅದೂ ಬೇಡ.

ಮನೆಯ ಫ್ರೀಜರ್ ನಿಧಾನವಾಗಿ ಹೆಪ್ಪುಗಟ್ಟಿಸುವುದರಿಂದ ಮಾಂಸದೊಳಗೆ ದೊಡ್ಡ ಹರಳುಗಳು ಬೆಳೆದು ಜೀವಕೋಶಗಳನ್ನು ಸೀಳುತ್ತವೆ. ಮೀನನ್ನು ಒಂದೇ ಪದರದಲ್ಲಿ, ಒಂದು ಸಲಕ್ಕೆ ಬೇಕಾದಷ್ಟೇ, ಚಪ್ಪಟೆಯಾದ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಗಾಳಿ ಹೊರಹಾಕಿ ಕಟ್ಟಿದರೆ ಈ ಹಾನಿ ತಗ್ಗುತ್ತದೆ. ಮೈನಸ್ 18 ಡಿಗ್ರಿಯಲ್ಲಿಯೂ ಎಣ್ಣೆ ಗಾಳಿಯೊಡನೆ ಸೇರಿ ಕಮಟುವುದು ನಿಲ್ಲುವುದಿಲ್ಲ. ಹೊಟ್ಟೆಯ ಬದಿ ಹಳದಿಯಾದ ಬೂತಾಯಿಯನ್ನು ಎಸೆಯುವುದೇ ಸರಿ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಮಳೆಗಾಲದಲ್ಲಿ ಅಳಿವೆಯ ಬದಿಯಲ್ಲಿ ಗಾಳ ಹಾಕುವವರು ಮೇ ತಿಂಗಳಲ್ಲೇ ಈ ಸಿದ್ಧತೆ ಮಾಡಿಕೊಳ್ಳುವುದು ಒಳ್ಳೆಯದು.

ಪ್ರತಿ ತೊಟ್ಟೆಯ ಮೇಲೂ ದಿನಾಂಕದೊಡನೆ ‘ಗಾಳಕ್ಕೆ ಮಾತ್ರ’ ಎಂದು ಬರೆಯಿರಿ. ತಂಪಿಲ್ಲದೆ ಉಳಿದ ಬಂಗುಡೆ, ಬೂತಾಯಿಗಳಲ್ಲಿ ಹುಟ್ಟುವ ಹಿಸ್ಟಮಿನ್ ಎಂಬ ವಿಷಕಾರಿ ಅಂಶ ಬೇಯಿಸಿದರೂ ನಾಶವಾಗುವುದಿಲ್ಲ. ಅಂತಹ ಮೀನು ತಪ್ಪಿಯೂ ಅಡುಗೆಮನೆಯ ಪಾತ್ರೆಗೆ ಬೀಳಬಾರದು.