ಡ್ರೈವರ್ ಇಲ್ಲದ ಕಾರು: ರಸ್ತೆ ದಾಟುವವರನ್ನು ಮರೆತದ್ದೆಲ್ಲಿ?

ಡ್ರೈವರ್ ಇಲ್ಲದ ಕಾರಿಗೆ ಇವತ್ತು ಅನುಮತಿ ಸಿಕ್ಕಿತು ಅಂತಾರೆ, ನಾಳೆ ಅಪಘಾತ ಅಂತಾರೆ, ನಾಡಿದ್ದು ಪರವಾನಗಿ ರದ್ದು. ಕತೆ ಎಲ್ಲಿಂದ ಶುರುವಾಯಿತು ಅನ್ನೋದೇ ಮರೆತುಹೋಗುವಷ್ಟು ಗೋಜಲಾಗಿದೆ.

1980ರ ದಶಕದಲ್ಲಿ ಜರ್ಮನಿಯ ಎರ್ನ್ಸ್ಟ್ ಡಿಕ್‌ಮನ್ಸ್ ಕ್ಯಾಮೆರಾ ನೋಡಿಕೊಂಡು ತಾನೇ ಓಡುವ ವ್ಯಾನ್ ಮಾಡಿ ತೋರಿಸಿದರು. 2004ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಮೊಹಾವೆ ಮರುಭೂಮಿಯಲ್ಲಿ ಇಂಥ ಗಾಡಿಗಳ ಪಂದ್ಯ ಇಟ್ಟಿತು. ಒಂದು ಗಾಡಿಯೂ ಗುರಿ ಮುಟ್ಟಲಿಲ್ಲ. ಮರುವರ್ಷ ಐದು ಮುಟ್ಟಿದವು. 2009ರಲ್ಲಿ ಗೂಗಲ್ ಕೈಹಾಕಿತು, ಆಮೇಲೆ ಈ ಕಡೆ ದುಡ್ಡು ಹರಿದು ಬಂತು. ಆದರೆ ಮರುಭೂಮಿಯಲ್ಲಿ ಅಡ್ಡ ಬರುವವರು ಯಾರೂ ಇರಲಿಲ್ಲ, ಅಲ್ವಾ?

ಆ ಕೊರತೆ ಎದ್ದು ಕಂಡದ್ದು 2018ರ ಮಾರ್ಚ್ 18ರ ರಾತ್ರಿ, ಅರಿಜೋನಾದ ಟೆಂಪಿಯಲ್ಲಿ. ಮಹಿಳೆಯೊಬ್ಬರು ಸೈಕಲ್ ತಳ್ಳಿಕೊಂಡು ಅಗಲ ರಸ್ತೆ ದಾಟುತ್ತಿದ್ದರು. ಪರೀಕ್ಷೆಗೆ ಬಿಟ್ಟಿದ್ದ ಕಾರು ಸುಮಾರು 70 ಕಿ.ಮೀ. ವೇಗದಲ್ಲಿ ಬರುತ್ತಿತ್ತು. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಅದರ ರಾಡಾರ್‌ಗೆ ಅವರು ಕಂಡಿದ್ದರು. ಅಂದರೆ ಸುಮಾರು 100 ಮೀಟರ್ ದೂರ. ಬ್ರೇಕ್ ಹಾಕಿ ನಿಲ್ಲಿಸಲು ಧಾರಾಳವಾಗಿ ಸಾಕು. ಆದರೆ ಸಾಫ್ಟ್‌ವೇರ್ ಅವರನ್ನು ಒಮ್ಮೆ ವಾಹನ ಅಂದುಕೊಂಡಿತು, ಒಮ್ಮೆ ಏನೋ ವಸ್ತು ಅಂತ, ಮತ್ತೊಮ್ಮೆ ಸೈಕಲ್ ಅಂತ. ಹೀಗೆ ಬದಲಾದಾಗೆಲ್ಲ ಅವರು ಯಾವ ಕಡೆಗೆ ಸಾಗುತ್ತಿದ್ದಾರೆ ಅನ್ನೋ ಹಿಂದಿನ ಲೆಕ್ಕ ಅಳಿಸಿಹೋಗುತ್ತಿತ್ತು. ಕಾರಿನ ಜೊತೆಗೇ ಬಂದಿದ್ದ ತುರ್ತು ಬ್ರೇಕ್ ವ್ಯವಸ್ಥೆಯನ್ನು ಆಫ್ ಮಾಡಿಟ್ಟಿದ್ದರು. ಒಳಗೆ ಕೂತಿದ್ದ ಮೇಲ್ವಿಚಾರಕರ ಕಣ್ಣು ಫೋನ್ ಮೇಲಿತ್ತು. ಆ ಮಹಿಳೆ ಉಳಿಯಲಿಲ್ಲ.

ಇದೆಲ್ಲ ಗೊತ್ತಾದದ್ದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಿಂದ. ಅದರಲ್ಲಿ ಇನ್ನೊಂದು ಮಾತಿದೆ, ಓದಿದರೆ ಹೊಟ್ಟೆ ಉರಿಯುತ್ತದೆ. ಪಾದಚಾರಿಗಳಿಗೆ ಗುರುತು ಮಾಡಿದ ಜಾಗ ಬಿಟ್ಟು ಬೇರೆ ಕಡೆ ಮನುಷ್ಯರು ರಸ್ತೆ ದಾಟಬಹುದು ಅನ್ನೋದನ್ನು ಆ ಸಾಫ್ಟ್‌ವೇರ್‌ನಲ್ಲಿ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

2020ರಲ್ಲಿ ಫೀನಿಕ್ಸ್‌ನಲ್ಲಿ ಡ್ರೈವರ್ ಇಲ್ಲದ ಟ್ಯಾಕ್ಸಿ ಎಲ್ಲರಿಗೂ ಸಿಗುವಂತಾಯಿತು. 2023ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೊಂದು ಪೆಟ್ಟು. ಬೇರೆ ಕಾರು ಗುದ್ದಿದ ಪಾದಚಾರಿಯೊಬ್ಬರು ಇಂಥ ಟ್ಯಾಕ್ಸಿಯ ಮುಂದೆ ಬಿದ್ದರು. ಅಪಘಾತವಾದರೆ ಪಕ್ಕಕ್ಕೆ ಹೋಗಿ ನಿಲ್ಲಬೇಕು ಅಂತ ಅದಕ್ಕೆ ಹೇಳಿಕೊಟ್ಟಿದ್ದರು. ಅಡಿಯಲ್ಲಿ ಮನುಷ್ಯರಿದ್ದಾರೆ ಅಂತ ತಿಳಿಯದೆ ಸುಮಾರು 6 ಮೀಟರ್ ಎಳೆದುಕೊಂಡು ಹೋಯಿತು.

ನಮ್ಮಲ್ಲಿ ಈ ಚರ್ಚೆ ಜಾಸ್ತಿ ನಡೆದದ್ದು ಡ್ರೈವರ್‌ಗಳ ಕೆಲಸದ ಬಗ್ಗೆ. ಅದೂ ನಿಜವಾದ ಚಿಂತೆಯೇ. ಆದರೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಚ್ಚುಕಮ್ಮಿ ಐದರಲ್ಲೊಬ್ಬರು ಪಾದಚಾರಿಗಳು. ಬೆಂಗಳೂರಿನಲ್ಲೂ ಇಂಥ ಕಾರು ಕಟ್ಟುವ ಸ್ಟಾರ್ಟಪ್‌ಗಳಿವೆ. ಜೀಬ್ರಾ ಪಟ್ಟೆ ಮಾಸಿಹೋದ ರಸ್ತೆಯಲ್ಲಿ, ಕೈ ಅಡ್ಡ ಹಿಡಿದು ದಾಟುವವರನ್ನು ತಮ್ಮ ಗಾಡಿ ಹೇಗೆ ಗುರುತಿಸುತ್ತದೆ ಅಂತ ಅವರು ಮೊದಲು ಜನರಿಗೆ ತೋರಿಸಬೇಕು. ಸಣ್ಣ ಡಿಕ್ಕಿಯಾದರೂ ಅದರ ವರದಿ ಬಹಿರಂಗವಾಗಬೇಕು. ಅಮೆರಿಕದಲ್ಲಿ ವರದಿ ಕೊಡುವುದು ಕಡ್ಡಾಯವಾದದ್ದು 2021ರಲ್ಲಿ, ಟೆಂಪಿಯ ಸಾವಾಗಿ ಮೂರು ವರ್ಷದ ಮೇಲೆ.