ಪದ ಪರಿಚಯ: ಸುಸ್ಥಿರತೆ

ಆಫ್ರಿಕಾದ ಆರೋಗ್ಯ ಕೇಂದ್ರಗಳಿಗೆ ನೆರವಾಗುವ ಸೇವಾಸಂಸ್ಥೆಗಳ ವರದಿ ತೆರೆದರೆ ಪುಟಕ್ಕೊಂದು ‘ಸುಸ್ಥಿರ’ ಸಿಗುತ್ತದೆ. ರೋಗಿಗಳಿಂದ ಶುಲ್ಕ ಪಡೆದು ಕೇಂದ್ರ ತನ್ನ ಖರ್ಚನ್ನು ತಾನೇ ತೂಗಿಸಿಕೊಳ್ಳಬೇಕು ಎಂಬ ಅರ್ಥದಲ್ಲೇ ಹೆಚ್ಚಿನವರು ಅದನ್ನು ಬಳಸುತ್ತಾರೆ. ಈ ಅರ್ಥವನ್ನು ಇನ್ನಾದರೂ ಬಿಡಬೇಕು. ಇದನ್ನು ಪ್ರಯೋಗಿಸಿ ನೋಡಿ ಎಷ್ಟೋ ವರ್ಷಗಳಾದವು.

1987ರಲ್ಲಿ ಮಾಲಿಯ ಬಮಾಕೊದಲ್ಲಿ ಸೇರಿದ ಆಫ್ರಿಕಾದ ಆರೋಗ್ಯ ಸಚಿವರು ಯುನಿಸೆಫ್ ಬೆಂಬಲದ ಯೋಜನೆಯೊಂದನ್ನು ಒಪ್ಪಿಕೊಂಡರು. ಮೊದಲ ಕಂತಿನ ಔಷಧ ದಾನಿಗಳದು. ಅದನ್ನು ತಂದ ಬೆಲೆಗಿಂತ ಹೆಚ್ಚಿಗೆ ಮಾರಿ, ಬಂದ ಹಣದಲ್ಲಿ ಮತ್ತೆ ಔಷಧ ತರಿಸಬೇಕು. ಲೆಕ್ಕ ನೋಡುವುದು ಊರಿನ ಸಮಿತಿ. ತೊಡಕು ಏನೆಂದರೆ, ಊರವರು ಕೊಡುವುದು ಸ್ಥಳೀಯ ಹಣ, ಔಷಧ ಬರುವುದು ಬಹುಪಾಲು ಹೊರದೇಶದಿಂದ. 1994ರ ಜನವರಿಯಲ್ಲಿ, ಮಾಲಿಯೂ ಸೇರಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಲವು ದೇಶಗಳ ಹಣವಾದ ಸಿಎಫ್‌ಎ ಫ್ರಾಂಕಿನ ಮೌಲ್ಯವನ್ನು ಅರ್ಧಕ್ಕೆ ಇಳಿಸಿದಾಗ, 100 ಪೆಟ್ಟಿಗೆ ಆಮದು ಔಷಧ ತರಿಸುವಷ್ಟಿದ್ದ ನಿಧಿಗೆ 50 ಮಾತ್ರ ಎಟುಕುವಂತಾಯಿತು. ಕಡುಬಡವರಿಗೆ ಪುಕ್ಕಟೆ ಕೊಟ್ಟರೆ ಆ ಮಾತ್ರೆಯ ದುಡ್ಡೂ ಇದೇ ನಿಧಿಗೆ ಖೋತಾ. ಹೀಗಿರುವಾಗ ಸಮಿತಿ ವಿನಾಯಿತಿ ಕೊಡಲು ಹಿಂದೆಗೆಯುತ್ತದೆ, ಕಾಸಿಲ್ಲದವರು ಕೇಂದ್ರದ ಕಡೆ ಸುಳಿಯುವುದೇ ಇಲ್ಲ.

ಉಗಾಂಡಾ 2001ರಲ್ಲಿ ಸರ್ಕಾರಿ ಕೇಂದ್ರಗಳ ಶುಲ್ಕವನ್ನು ಕೈಬಿಟ್ಟಿತು. ಆಸ್ಪತ್ರೆಗಳ ಖಾಸಗಿ ವಾರ್ಡುಗಳಲ್ಲಷ್ಟೇ ಅದು ಉಳಿಯಿತು. ಬಡ ರೋಗಿಗಳು ಹೆಚ್ಚಾಗಿ ಬರತೊಡಗಿದರು. ಔಷಧದ ಕೊರತೆಯೂ ಕಾಡಿತು. ಶುಲ್ಕ ತೆಗೆದ ಸರ್ಕಾರ ಔಷಧದ ಹಣವನ್ನೂ ಅದಕ್ಕೆ ತಕ್ಕಂತೆ ಏರಿಸಬೇಕು.

ಸುಸ್ಥಿರತೆಯನ್ನು ಹುಡುಕಬೇಕಾದ ಜಾಗ ಇದು: ಸಂಸ್ಥೆ ಹೊರಟ ಮೇಲೆ ಸಂಬಳ, ಔಷಧ, ದುರಸ್ತಿಯ ಖರ್ಚು ಯಾವ ಇಲಾಖೆಯ ಬಜೆಟ್ಟಿನಲ್ಲಿ ಬರೆದಿದೆ? ಸರ್ಕಾರಿ ನರ್ಸಿಗೆ ಹೆಚ್ಚಿನ ಸಂಬಳದ ಆಸೆ ತೋರಿಸಿ ತನ್ನ ಯೋಜನೆಗೆ ಸೆಳೆದುಕೊಳ್ಳುವ ಸಂಸ್ಥೆ ಮೊದಲ ದಿನವೇ ಇದಕ್ಕೆ ಕೊಡಲಿ ಹಾಕಿರುತ್ತದೆ.

ದುರಸ್ತಿಯನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ನಿಮಿಷಕ್ಕೆ 5 ಲೀಟರ್ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್ ಯಂತ್ರವನ್ನೇ ನೋಡಿ. ಅದಕ್ಕೆ ಸುಮಾರು 350 ವ್ಯಾಟ್ ವಿದ್ಯುತ್ ಬೇಕು. ವೋಲ್ಟೇಜ್ ಏರಿಳಿದರೆ ಒಳಗಿನ ಸರ್ಕ್ಯೂಟ್ ಬೋರ್ಡ್ ಸುಡುತ್ತದೆ, ಆದ್ದರಿಂದ ಸ್ಟೆಬಿಲೈಸರ್ ಬೇಕೇ ಬೇಕು. ಧೂಳಿನ ಊರಲ್ಲಿ ಹೊರಗಿನ ಫಿಲ್ಟರನ್ನು ವಾರಕ್ಕೊಮ್ಮೆಯಾದರೂ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಗಾಳಿಯ ನೈಟ್ರೋಜನ್ನನ್ನು ಹಿಡಿದಿಡುವ ಒಳಗಿನ ಜಿಯೊಲೈಟ್ ಹರಳುಗಳು ತೇವ ಹೀರಿ ಹಾಳಾದಾಗ ಮಾತ್ರ ಕಣ್ಣಿಗೆ ಏನೂ ಕಾಣುವುದಿಲ್ಲ: ಯಂತ್ರ ಗುಂಯ್‌ಗುಡುತ್ತಿರುತ್ತದೆ, ನಳಿಕೆಯಲ್ಲಿ ಗಾಳಿ ಬರುತ್ತಿರುತ್ತದೆ, ಅದರಲ್ಲಿ ಆಕ್ಸಿಜನ್ ಸಾಲದು. ಯಂತ್ರದ ಎಚ್ಚರಿಕೆ ಗಂಟೆ ಕೆಟ್ಟಿದ್ದರೆ ಆಕ್ಸಿಜನ್ ಅಳೆಯುವ ಅನಲೈಸರ್ ಹಿಡಿದು ನೋಡದ ಹೊರತು ಅದರ ಪ್ರಮಾಣ ಕನಿಷ್ಠ ಇರಬೇಕಾದ 82%ಕ್ಕಿಂತ ಕೆಳಗಿಳಿದದ್ದು ತಿಳಿಯುವುದೇ ಇಲ್ಲ; ಅಷ್ಟು ಹೊತ್ತೂ ನ್ಯುಮೋನಿಯಾದ ಮಗು ಅದನ್ನೇ ಉಸಿರಾಡುತ್ತಿರುತ್ತದೆ. ಅನಲೈಸರ್, ಬಿಡಿಭಾಗ, ತಂತ್ರಜ್ಞರ ಸಂಬಳ ಇವನ್ನು ಯಾರು ಕೊಡುತ್ತಾರೆಂದು ಒಪ್ಪಂದದಲ್ಲಿ ಬರೆಯದೆ ಯಂತ್ರವನ್ನು ಹಡಗಿಗೆ ಏರಿಸಬಾರದು.