ಟ್ರಿಲ್, ತ್ರಿನೋ ಮತ್ತು ನಮ್ಮ 'ಕರ್ರಗೆ': ಹಕ್ಕಿ ದನಿಯ ಪದಗಳ ಟಿಪ್ಪಣಿ

ಇಂಗ್ಲಿಷಿನ 'ಟ್ರಿಲ್'ಗೆ ಸ್ಪ್ಯಾನಿಷ್‌ನಲ್ಲಿ ಏನಂತಾರೆ ಅಂತ ನಿಘಂಟು ತೆಗೆದರೆ ಮೊದಲು ಸಿಗುವುದು 'ತ್ರಿನೋ'. ನಾನೂ ಹಾಗೇ ಬರೆದುಕೊಂಡಿದ್ದೆ. ಸ್ವಲ್ಪ ದಿನದ ಮೇಲೆ ಉಚ್ಚಾರಣೆಯ ಪಾಠದಲ್ಲಿ ನಾಯಿ ಅನ್ನುವ ಅರ್ಥದ 'ಪೆರ್ರೋ' ಬಂತು. ಅದರ 'ರ್ರ' ದನಿಗೂ ಇಂಗ್ಲಿಷ್ ಪುಸ್ತಕದಲ್ಲಿ ಟ್ರಿಲ್ ಅಂತಲೇ ಇತ್ತು. ನಾನು ಅದನ್ನೂ ತ್ರಿನೋ ಅಂದೆ. ಪಾಠ ಹೇಳುತ್ತಿದ್ದವರಿಗೆ ಅರ್ಥವೇ ಆಗಲಿಲ್ಲ. ಹಕ್ಕಿ ಎಲ್ಲಿ ಬಂತು ಇಲ್ಲಿ ಅಂತ ಕೇಳಿದರು. ಆವತ್ತಿನಿಂದ ಈ ಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದೇನೆ.

ವಿಷಯ ಇಷ್ಟು. ಇಂಗ್ಲಿಷಿನ ಒಂದೇ ಟ್ರಿಲ್ ಮೂರು ಕೆಲಸ ಮಾಡುತ್ತದೆ. ಹಕ್ಕಿ ಒಂದೇ ಉಸಿರಿನಲ್ಲಿ ದನಿ ಅದುರಿಸಿದರೆ ಟ್ರಿಲ್. ಪಿಟೀಲಿನವರು ಪಕ್ಕಪಕ್ಕದ ಎರಡು ಸ್ವರಗಳ ನಡುವೆ ಬೇಗಬೇಗ ಓಡಾಡಿದರೆ ಅದೂ ಟ್ರಿಲ್. ನಾಲಿಗೆಯ ತುದಿ ಅದುರಿ 'ರ್ರ' ಬಂದರೆ ಅದೂ ಟ್ರಿಲ್. ಸ್ಪ್ಯಾನಿಷ್ ಇದನ್ನು ಎರಡು ಮಾಡುತ್ತದೆ. ಹಕ್ಕಿಗೂ ಸಂಗೀತಕ್ಕೂ ತ್ರಿನೋ. ನಾಲಿಗೆಗೆ ಮಾತ್ರ 'ಬಿಬ್ರಾಂತೆ ಮೂಲ್ತಿಪ್ಲೆ', ಅಂದರೆ ಹಲವು ಸಲ ಅದುರುವ ದನಿ. ಒಂದೇ ಸಲ ತಾಗಿ ಬಿಡುವ ರ 'ಬಿಬ್ರಾಂತೆ ಸಿಂಪ್ಲೆ'. ಬರೆಯುವಾಗ ವ ಇದ್ದರೂ ಬಾಯಲ್ಲಿ ಬ ಅಂತಲೇ ಬರುತ್ತದೆ, ಗಮನಿಸಿ.

ಟ್ರಿಲ್ ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದಲ್ಲಿ, ಇಟಾಲಿಯನ್ನಿನ 'ತ್ರಿಲ್ಲೋ'ದಿಂದ. ಹಳೆಯ ಇಂಗ್ಲಿಷ್ ಸಂಗೀತಗಾರರು ಅದನ್ನು ಸುಮ್ನೆ 'ಶೇಕ್' ಅನ್ನುತ್ತಿದ್ದರು. ಸಂಗೀತದಲ್ಲಿ ಇದರ ಜೊತೆ ಕಲಸಿಹೋಗುವ ಪದ ಇನ್ನೆರಡಿವೆ. ಒಂದೇ ಸ್ವರವನ್ನು ಹಿಡಿದು ಅದರ ಎತ್ತರವನ್ನು ಸ್ವಲ್ಪ ಮೇಲೆ ಕೆಳಗೆ ಅದುರಿಸಿದರೆ ವೈಬ್ರಾಟೊ. ಒಂದೇ ಸ್ವರವನ್ನು ಬೇಗಬೇಗ ಮತ್ತೆ ಮತ್ತೆ ನುಡಿಸಿದರೆ ಟ್ರೆಮೊಲೊ. ಗಿಟಾರ್ ಕಲಿಯುವವರಿಗೆ ಇಲ್ಲೊಂದು ತೊಡಕಿದೆ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರಿನ ಕಬ್ಬಿಣದ ಹಿಡಿಗೆ ಟ್ರೆಮೊಲೊ ಅಂತ ಹೆಸರಿಟ್ಟರು. ಅದು ಮಾಡುವುದು ವೈಬ್ರಾಟೊ. ಹೆಸರು ಹಾಗೇ ಉಳಿದುಬಿಟ್ಟಿದೆ.

ಈಗ ಹಕ್ಕಿಗಳ ಕಡೆ ಬರೋಣ. ನನಗೆ ಜಾಸ್ತಿ ಇಷ್ಟವಾದ ಜೋಡಿ ಇಂಗ್ಲಿಷಿನ 'ವಾರ್ಬಲ್' ಮತ್ತು ಸ್ಪ್ಯಾನಿಷ್‌ನ 'ಗೊರ್ಹೇಓ'. ಎರಡೂ ಹೇಳುವುದು ಹೆಚ್ಚುಕಮ್ಮಿ ಒಂದೇ: ಹಕ್ಕಿ ಏರಿಳಿಸಿ, ಬಳುಕಿಸಿ ಹಾಡುವುದು. ಹುಟ್ಟು ಮಾತ್ರ ಬೇರೆ. ವಾರ್ಬಲ್ ಹಳೆಯ ಫ್ರೆಂಚಿನ ಮೂಲಕ ಬಂದಿದೆ, ಅದರ ಬೇರು ಗಿರಗಿರ ಸುತ್ತುವುದು ಅನ್ನುವ ಜರ್ಮ್ಯಾನಿಕ್ ಪದ. ಗೊರ್ಹೇಓ ಬಂದದ್ದು 'ಗೊರ್ಹಾ' ಅನ್ನುವ ಪದದಿಂದ, ಅಂದರೆ ಗಂಟಲು. ಇಂಗ್ಲಿಷಿನಲ್ಲಿ ಕಡಿದಾದ ಕಣಿವೆಗೆ ಗಾರ್ಜ್ ಅಂತಾರಲ್ವಾ, ಅದೂ ಇದೇ ಗಂಟಲಿನ ಪದ. ಒಂದು ಭಾಷೆ ದನಿ ಹೇಗೆ ಸುಳಿಯುತ್ತದೆ ಅಂತ ನೋಡಿತು, ಇನ್ನೊಂದು ಅದು ಎಲ್ಲಿಂದ ಬರುತ್ತದೆ ಅಂತ ನೋಡಿತು. ಕೂಸು ಮಾತು ಕಲಿಯುವ ಮೊದಲು ಗಂಟಲಲ್ಲೇ ಮಾಡುವ ಸದ್ದಿಗೂ ಸ್ಪ್ಯಾನಿಷ್‌ನವರು ಗೊರ್ಹೇಓ ಅನ್ನುತ್ತಾರೆ.

ನಿಜಕ್ಕೂ ಹಕ್ಕಿಯ ದನಿ ಹುಟ್ಟುವುದು ನಮ್ಮ ಹಾಗೆ ಗಂಟಲಿನ ಮೇಲ್ಭಾಗದಲ್ಲಿ ಅಲ್ಲ. ಉಸಿರುಕೊಳವೆ ಎರಡಾಗಿ ಕವಲೊಡೆಯುವ ಜಾಗದಲ್ಲಿ, ಎದೆಯ ಒಳಗೆ ಅದಕ್ಕೊಂದು ಅಂಗ ಇದೆ. ಹೆಸರು ಸಿರಿಂಕ್ಸ್, ಸ್ಪ್ಯಾನಿಷ್‌ನಲ್ಲಿ 'ಸಿರಿಂಹೆ'. ಹಾಡುಹಕ್ಕಿಗಳು ಅದರ ಎಡಬಲ ಎರಡನ್ನೂ ಬೇರೆ ಬೇರೆಯಾಗಿ ನಡೆಸಬಲ್ಲವು. ಹಾಗಾಗಿ ಕೆಲವು ಹಕ್ಕಿಗಳು ಒಂದೇ ಹೊತ್ತಿಗೆ ಎರಡು ಸ್ವರ ಹಾಡುತ್ತವೆ. ಇದನ್ನು ಓದಿದ ಮೇಲೆ ಬೆಳಗಿನ ಹೊತ್ತು ಹಕ್ಕಿ ಕೂಗಿದರೆ ನಾನು ಕೇಳುವ ರೀತಿಯೇ ಬದಲಾಗಿದೆ.

ಮರಿಹಕ್ಕಿಯ ಸಣ್ಣ ದನಿಗೆ ಇಂಗ್ಲಿಷಿನಲ್ಲಿ 'ಪೀಪ್', ಸ್ಪ್ಯಾನಿಷ್‌ನಲ್ಲಿ 'ಪೀಓ'. ಯಾರಾದರೂ ಏನೂ ಮಾತಾಡದೆ ಕೂತರೆ ಇಂಗ್ಲಿಷಿನವರು 'ನಾಟ್ ಎ ಪೀಪ್' ಅನ್ನುತ್ತಾರೆ. ಸ್ಪ್ಯಾನಿಷ್‌ನವರು 'ನೋ ದಿಹೋ ನಿ ಪೀಓ' ಅನ್ನುತ್ತಾರೆ. ನಾವು? 'ತುಟಿ ಪಿಟಕ್ ಅನ್ನಲಿಲ್ಲ'. ಮೂರರಲ್ಲೂ ಪ ಇದೆ, ಪಕ್ಕದಲ್ಲೇ ಇ ಅಥವಾ ಈ ಇದೆ. ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಮುಚ್ಚಿದ ತುಟಿ ಒಂದು ಎಳೆಯಷ್ಟು ತೆರೆಯುತ್ತದೆ, ಅಷ್ಟೇ. ಅದಕ್ಕಿಂತ ಚಿಕ್ಕ ಮಾತು ಬಾಯಿಂದ ಬರುವುದಿಲ್ಲ. ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

'ತ್ರಿನಾರ್' ಕ್ರಿಯಾಪದದ ಹತ್ತಿರ ಹುಷಾರು. ಹಕ್ಕಿಗೆ ಹೇಳಿದರೆ ಹಾಡುವುದು. ಮನುಷ್ಯರಿಗೆ 'ಎಸ್ತಾ ಕೆ ತ್ರಿನಾ' ಅಂದರೆ ಸಿಟ್ಟಿನಿಂದ ಕುದಿಯುತ್ತಿದ್ದಾರೆ ಅಂತ. ಹಾಡುತ್ತಿದ್ದಾರೆ ಅಂದುಕೊಂಡು ಹತ್ತಿರ ಹೋಗಬೇಡಿ. ಟ್ವಿಟರ್ ಬಂದ ಮೇಲೆ ಕೊಲಂಬಿಯಾದವರು ಟ್ವೀಟಿಗೂ ತ್ರಿನೋ ಅಂದರು. ಬೇರೆ ಕಡೆ 'ತುಯಿತ್' ನಡೆಯುತ್ತದೆ. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು 2014ರ ಆವೃತ್ತಿಯಲ್ಲಿ ಅದನ್ನು ಸೇರಿಸಿಕೊಂಡಿತು.

ದನಿಯಲ್ಲ, ರೆಕ್ಕೆ ಅದುರಿದರೆ? ಇಂಗ್ಲಿಷಿನಲ್ಲಿ ದುಂಬಿಗೆ ಬಝ್, ಹಮ್ಮಿಂಗ್‌ಬರ್ಡ್‌ಗೆ ಹಮ್. ಸ್ಪ್ಯಾನಿಷ್‌ನಲ್ಲಿ ಎರಡಕ್ಕೂ 'ಸುಂಬಾರ್' ನಡೆಯುತ್ತದೆ. ಕಿವಿಯಲ್ಲಿ ಗುಂಯ್ ಅನ್ನುವುದಕ್ಕೂ 'ಸುಂಬೀದೋ'. ಹಮ್ಮಿಂಗ್‌ಬರ್ಡ್‌ಗೆ ಸಾಮಾನ್ಯ ಹೆಸರು 'ಕೊಲಿಬ್ರೀ'. ಪೋರ್ಟೊ ರಿಕೊದಲ್ಲಿ 'ಸುಂಬಾದೋರ್', ಅಂದರೆ ಗುಂಯ್‌ಗುಡುವವನು. ಕ್ಯೂಬಾದವರು ಇನ್ನೂ ಚೆಂದ ಮಾಡಿದ್ದಾರೆ: 'ಸುನ್‌ಸೂನ್'. ರೆಕ್ಕೆಯ ಸದ್ದೇ ಹೆಸರು. ಅದರಲ್ಲೂ ಚಿಕ್ಕದು 'ಸುನ್‌ಸುನ್‌ಸೀತೋ', ಕ್ಯೂಬಾದಲ್ಲಿ ಮಾತ್ರ ಇರುವ, ಪ್ರಪಂಚದಲ್ಲೇ ಅತಿ ಚಿಕ್ಕ ಹಕ್ಕಿ. ತೂಕ ಸುಮಾರು 2 ಗ್ರಾಂ. ನಮ್ಮ ದಾಸವಾಳದ ಗಿಡಕ್ಕೆ ಬರುವ ಪುಟ್ಟ ಹಕ್ಕಿಯನ್ನು ಎಷ್ಟೋ ಜನ ಹಮ್ಮಿಂಗ್‌ಬರ್ಡ್ ಅನ್ನುತ್ತಾರೆ. ಅದು ಸೂರಕ್ಕಿ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ.

ಕೊನೆಗೆ ನಾಲಿಗೆ. ಇಂಗ್ಲಿಷ್ ಮಾತಾಡಿ ಬೆಳೆದವರು ಸ್ಪ್ಯಾನಿಷ್‌ನ ರ್ರಕ್ಕೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಮಗೆ ಆ ಕಷ್ಟ ಇಲ್ಲ. 'ಕರ್ರಗೆ' ಅನ್ನಿ. 'ಬರ್ರನೆ', 'ಸರ್ರನೆ' ಅನ್ನಿ. ನಾಲಿಗೆಯನ್ನು ನಾವು ಅದುರಿಸುವುದಿಲ್ಲ, ಹಲ್ಲಿನ ಹಿಂದಿನ ದಿಣ್ಣೆಗೆ ಮೆತ್ತಗೆ ತಾಗಿಸಿ ಉಸಿರು ಬಿಡುತ್ತೇವೆ. ಗಾಳಿಗೆ ಅದೇ ಎರಡು ಮೂರು ಸಲ ಬಡಿಯುತ್ತದೆ. ಹಳಗನ್ನಡದಲ್ಲಂತೂ ರ ಬೇರೆ, ಶಕಟರೇಫ ಅನ್ನುವ ಱ ಬೇರೆ. 'ಅರಿ' ಅಂದರೆ ಕತ್ತರಿಸು, 'ಅಱಿ' ಅಂದರೆ ತಿಳಿ. ಸ್ಪ್ಯಾನಿಷ್‌ನಲ್ಲಿ ಇವತ್ತಿಗೂ ಅಂಥದ್ದೇ ವ್ಯತ್ಯಾಸ ಇದೆ: 'ಪೆರೋ' ಅಂದರೆ ಆದರೆ, 'ಪೆರ್ರೋ' ಅಂದರೆ ನಾಯಿ. 'ಕಾರೋ' ದುಬಾರಿ, 'ಕಾರ್ರೋ' ಗಾಡಿ.

ನಾವು ತಪ್ಪುವುದು ಬೇರೆ ಜಾಗದಲ್ಲಿ. ಪದದ ಮೊದಲಲ್ಲಿ ಒಂದೇ ರ ಬರೆದಿದ್ದರೂ ಅದು ಅದುರಬೇಕು. ನ, ಲ, ಸ ಆದ ಮೇಲೆ ಬಂದರೂ ಅಷ್ಟೇ, 'ಎನ್ರಿಕೆ' ಅನ್ನುವ ಹೆಸರಿನ ಹಾಗೆ. ಕನ್ನಡದಲ್ಲಿ ಯಾವ ಪದವೂ ರ್ರದಿಂದ ಶುರುವಾಗುವುದಿಲ್ಲ, ಹಾಗಾಗಿ 'ರೋಸಾ'ವನ್ನು ನಾವು ನಮ್ಮ ರೋಜಾ ಹೂವಿನ ಹಾಗೆ ಮೆತ್ತಗೆ ಹೇಳಿಬಿಡುತ್ತೇವೆ. ನಾನು ಮಾಡುವ ಉಪಾಯ ಇದು: 'ಕರ್ರ' ಅಂತ ಶುರುಮಾಡಿ, 'ಕ'ವನ್ನು ಮನಸ್ಸಿನಲ್ಲೇ ನುಂಗಿ, ಉಳಿದ ರ್ರಕ್ಕೆ 'ಓಸಾ' ಸೇರಿಸುವುದು. ಕ-ರ್ರೋಸಾ, ಕ-ರ್ರೋಸಾ, ರ್ರೋಸಾ. ಹತ್ತು ಸಲ ಹೇಳಿದರೆ ಕೂತುಕೊಳ್ಳುತ್ತದೆ.